ಒಂದು ಚಿತ್ರ, ಹತ್ತು ಮಾಲೀಕರು: ಪಾಲು ಹಾಕಿ ಕಲಾಕೃತಿ ಕೊಳ್ಳುವ ಮುಂಚೆ ನೋಡಬೇಕಾದದ್ದು

‘ಬರೀ ಇಪ್ಪತ್ತು ಡಾಲರಿಗೆ ಬ್ಯಾಂಕ್ಸಿ ಚಿತ್ರದಲ್ಲಿ ಪಾಲು’ ಅನ್ನುವಂಥ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ. ಬ್ಯಾಂಕ್ಸಿ ಅಂದರೆ ಹೆಸರು ಮುಚ್ಚಿಟ್ಟು ಬೀದಿಗೋಡೆಗಳ ಮೇಲೆ ಚಿತ್ರ ಬರೆಯುವ ಬ್ರಿಟಿಷ್ ಕಲಾವಿದ. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಯಾಫ್ರನ್‌ಆರ್ಟ್ ಹರಾಜಿನಲ್ಲಿ ವಿ.ಎಸ್. ಗಾಯ್ತೊಂಡೆ ಅವರ ಚಿತ್ರವೊಂದು 67 ಕೋಟಿ ದಾಟಿತು. ಆಮೇಲಂತೂ ‘ನಾವೂ ಸ್ವಲ್ಪ ಹಾಕಬಹುದಾ?’ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಷೇರು, ಮ್ಯೂಚುವಲ್ ಫಂಡ್, ಚಿನ್ನ, ಸೈಟು ಎಲ್ಲ ಆಯಿತು, ಈಗ ಚಿತ್ರ.

ಹಾಕಬಹುದು. ಆದರೆ ಆ್ಯಪಿನಲ್ಲಿ ಪಾಲು ಕೊಳ್ಳುವುದಕ್ಕಿಂತ ಐದಾರು ಜನ ಸ್ನೇಹಿತರು ಸೇರಿ ಒಂದು ಚಿತ್ರ ಕೊಂಡು ಗೋಡೆಗೆ ಹಾಕಿಕೊಳ್ಳುವುದು ನಮ್ಮಂಥವರಿಗೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಲೆಕ್ಕದ ಸಮೇತ ಹೇಳುತ್ತೇನೆ. ಆ್ಯಪಿನ ದಾರಿಯೇ ಬೇಕು ಅನ್ನುವವರಿಗೂ ಏನೇನು ನೋಡಬೇಕು ಅಂತ ಬರೆದಿದ್ದೇನೆ.

ಹೆಜ್ಜೆ 1: ಪಾಲು ಅಂದರೆ ಯಾವುದರ ಪಾಲು ಅಂತ ಕೇಳಿ

ಇಲ್ಲಿಯೇ ಬಹಳ ಜನ ಜಾರುವುದು. ‘ಚಿತ್ರದಲ್ಲಿ ಪಾಲು’ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕೈಗೆ ಬರುವುದು ಬೇರೆ ಬೇರೆ.

ಮೊದಲನೆಯದು ಕಂಪನಿಯ ಷೇರು. ಇದರಲ್ಲಿ ದೊಡ್ಡ ಹೆಸರು 2017ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಮಾಸ್ಟರ್‌ವರ್ಕ್ಸ್. ಅವರು ಒಂದು ಚಿತ್ರ ಕೊಳ್ಳುತ್ತಾರೆ, ಅದಕ್ಕೇ ಅಂತ ಒಂದು ಪುಟ್ಟ ಕಂಪನಿ ಮಾಡುತ್ತಾರೆ, ಅಮೆರಿಕದ ಷೇರು ನಿಯಂತ್ರಕರಲ್ಲಿ ಕಾಗದ ಸಲ್ಲಿಸುತ್ತಾರೆ, ಆಮೇಲೆ ಆ ಪುಟ್ಟ ಕಂಪನಿಯ ಷೇರುಗಳನ್ನು ಮಾರುತ್ತಾರೆ. ಅಂದರೆ ನಿಮ್ಮದು ಚಿತ್ರ ಅಲ್ಲ, ಚಿತ್ರ ಇಟ್ಟುಕೊಂಡಿರುವ ಕಂಪನಿಯ ಒಂದು ಚೂರು. ಚಿತ್ರ ಗೋದಾಮಿನಲ್ಲಿರುತ್ತದೆ. ಯಾವಾಗ ಮಾರಬೇಕು ಅನ್ನುವುದು ಅವರ ಕೈಯಲ್ಲಿ. ಇದರಲ್ಲಿ ಮೋಸ ಏನೂ ಇಲ್ಲ, ಎಲ್ಲ ಬರೆದೇ ಇಟ್ಟಿದ್ದಾರೆ. ನಾವು ಓದುವುದಿಲ್ಲ, ಅಷ್ಟೆ.

ಎರಡನೆಯದು ಟೋಕನ್. ಅಂದರೆ ಬ್ಲಾಕ್‌ಚೈನ್ ಅನ್ನುವ, ಒಮ್ಮೆ ಬರೆದದ್ದನ್ನು ಅಳಿಸಲಾಗದ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ ದಾಖಲಾಗುವ ಪಾಲಿನ ಗುರುತು. 2018ರಲ್ಲಿ ಮೆಸಿನಾಸ್ ಅನ್ನುವ ಕಂಪನಿ ಆ್ಯಂಡಿ ವಾರ್ಹಾಲ್ ಅವರ ‘14 ಸ್ಮಾಲ್ ಎಲೆಕ್ಟ್ರಿಕ್ ಚೇರ್ಸ್’ ಚಿತ್ರದ ಶೇ 31.5ರಷ್ಟನ್ನು ಬ್ಲಾಕ್‌ಚೈನ್ ಮೂಲಕ ಮಾರಿತು. 2021ರಲ್ಲಿ ಸ್ವಿಟ್ಜರ್ಲೆಂಡಿನ ಸಿಗ್ನಮ್ ಬ್ಯಾಂಕು ಆರ್ಟೆಮುಂಡಿ ಅನ್ನುವ ಕಲಾ ಹೂಡಿಕೆ ಕಂಪನಿ ಜೊತೆ ಸೇರಿ ಪಿಕಾಸೊ 1964ರಲ್ಲಿ ಬರೆದ, ಟೋಪಿ ಹಾಕಿದ ಹುಡುಗಿಯ ಚಿತ್ರವೊಂದನ್ನು ತಲಾ 1,000 ಸ್ವಿಸ್ ಫ್ರಾಂಕಿನ 4,000 ಟೋಕನ್‌ಗಳಾಗಿ ಒಡೆಯಿತು. ಅಲ್ಲಿ ಟೋಕನ್‌ಗೆ ಕಾನೂನಿನ ಆಸರೆ ಇದೆ, ಹಿಂದೆ ಒಂದು ಬ್ಯಾಂಕ್ ಇದೆ. ಅದೇ ವರ್ಷ ಪಾರ್ಟಿಕಲ್ ಅನ್ನುವವರು ಬ್ಯಾಂಕ್ಸಿಯ ‘ಲವ್ ಈಸ್ ಇನ್ ದಿ ಏರ್’ ಚಿತ್ರವನ್ನು 1.29 ಕೋಟಿ ಡಾಲರಿಗೆ ಹರಾಜಿನಲ್ಲಿ ಹಿಡಿದು 10,000 ಎನ್‌ಎಫ್‌ಟಿಗಳಾಗಿ (ಒಂದರಂತೆ ಇನ್ನೊಂದಿಲ್ಲದ ಟೋಕನ್) ಮಾಡಿದರು. ಇವಕ್ಕೆಲ್ಲ ಹಿಂದೆ ನಿಜವಾದ ಕ್ಯಾನ್ವಾಸ್ ಇದೆ.

ಇನ್ನು ಕ್ಯಾನ್ವಾಸೇ ಇಲ್ಲದ ಟೋಕನ್ನೂ ಇದೆ. ಬೀಪಲ್ ಅನ್ನುವ ಅಮೆರಿಕದ ಕಲಾವಿದರ ಡಿಜಿಟಲ್ ಕೃತಿಯನ್ನು 2021ರಲ್ಲಿ 6.9 ಕೋಟಿ ಡಾಲರ್ ಕೊಟ್ಟು ಕೊಂಡವರು ತಮಿಳುನಾಡು ಮೂಲದ ವಿಘ್ನೇಶ್ ಸುಂದರೇಶನ್. ಅದಕ್ಕೂ ಮುಂಚೆಯೇ ಅವರು ಬೀಪಲ್‌ನ 20 ಕೃತಿಗಳನ್ನು ಸೇರಿಸಿ ಬಿ20 ಅನ್ನುವ ಪಾಲು ಟೋಕನ್ ಬಿಟ್ಟಿದ್ದರು. ದೊಡ್ಡ ಹರಾಜಿನ ಸದ್ದಿನಲ್ಲಿ ಆ ಟೋಕನ್ ಇಪ್ಪತ್ತು ಡಾಲರ್ ದಾಟಿತು, ಆಮೇಲೆ ಒಂದು ಡಾಲರಿಗಿಂತ ಕೆಳಗಿಳಿಯಿತು. ಮೇಲೆ ಇದ್ದಾಗ ಕೊಂಡವರ ಗತಿ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಮೂರನೆಯದು ಎಲ್ಲಕ್ಕಿಂತ ಹಳೆಯದು. ಆ್ಯಪೂ ಇಲ್ಲ, ಟೋಕನ್ನೂ ಇಲ್ಲ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಲೆವೆಲ್ ಅನ್ನುವವರು ‘ಲಾ ಪೋ ದ ಲೂರ್ಸ್’ ಅಂತ ಒಂದು ಕೂಟ ಕಟ್ಟಿದರು. ಒಟ್ಟು 13 ಜನ. ವರ್ಷಕ್ಕೆ ಒಂದು ಪಾಲಿಗೆ 250 ಫ್ರಾಂಕ್. ಆ ಹಣದಲ್ಲಿ ಅಷ್ಟೇನೂ ಹೆಸರಿಲ್ಲದ ಆಗಿನ ಹುಡುಗರ ಚಿತ್ರಗಳನ್ನು ಕೊಳ್ಳುವುದು, ಚೀಟಿ ಎತ್ತಿ ಯಾರ ಮನೆಗೆ ಯಾವ ಚಿತ್ರ ಅಂತ ಹಂಚಿಕೊಳ್ಳುವುದು, ಹತ್ತು ವರ್ಷ ಆದ ಮೇಲೆ ಎಲ್ಲವನ್ನೂ ಹರಾಜು ಹಾಕುವುದು ಅಂತ ಮೊದಲೇ ಮಾತಾಗಿತ್ತು. 1908ರಲ್ಲಿ 1,000 ಫ್ರಾಂಕಿಗೆ ಪಿಕಾಸೊನ ದೊಡ್ಡ ಚಿತ್ರವೊಂದನ್ನು ತಂದರು, ಊರೂರು ಅಲೆಯುವ ಸರ್ಕಸ್ಸಿನವರ ಕುಟುಂಬದ್ದು. 1914ರ ಮಾರ್ಚ್ 2ರಂದು ಒತೆಲ್ ದ್ರೂವೊದಲ್ಲಿ ಹರಾಜಾಯಿತು, ಅದಕ್ಕೆ 11,500 ಫ್ರಾಂಕ್ ಬಂತು. ಇವತ್ತು ಆ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನನಗೆ ಇನ್ನೂ ಇಷ್ಟವಾಗುವ ಸಂಗತಿ ಏನೆಂದರೆ, ಲಾಭದ ಶೇ 20ರಷ್ಟನ್ನು ಆ ಕೂಟದವರು ಕಲಾವಿದರಿಗೇ ವಾಪಸ್ ಕೊಟ್ಟರು. ಯಾರೂ ಕೇಳಿರಲಿಲ್ಲ, ಕಾನೂನೂ ಇರಲಿಲ್ಲ.

ಈ ಮೂರರಲ್ಲಿ ನಿಮ್ಮ ಮುಂದೆ ಇರುವುದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮಾರುವವರಿಗೆ ಮೂರು ಪ್ರಶ್ನೆ ಹಾಕಿ. ಚಿತ್ರದ ಬಿಲ್ಲು ಯಾರ ಹೆಸರಿನಲ್ಲಿದೆ? ಮಾರುವ ತೀರ್ಮಾನ ಯಾರದು? ನಿಮ್ಮ ಕಂಪನಿ ನಾಳೆ ಮುಚ್ಚಿದರೆ ಚಿತ್ರ ಯಾರ ಪಾಲಾಗುತ್ತದೆ? ಮೂರನೆಯದಕ್ಕೆ ತೊದಲಿದರೆ ಸುಮ್ನೆ ಎದ್ದು ಬನ್ನಿ.

ಅಂದ ಹಾಗೆ, ಪಾಲಿನ ಜೊತೆ ಕಾಪಿರೈಟ್ ಬರುವುದಿಲ್ಲ. ಪೂರ್ತಿ ಚಿತ್ರ ಕೊಂಡರೂ ಬರುವುದಿಲ್ಲ. ಅದನ್ನು ಕ್ಯಾಲೆಂಡರಿಗೆ, ಟೀ ಶರ್ಟಿಗೆ ಹಾಕುವ ಹಕ್ಕು, ಬರೆದುಕೊಡದಿದ್ದರೆ, ಕಲಾವಿದರ ಹತ್ತಿರವೇ ಉಳಿಯುತ್ತದೆ.

ಹೆಜ್ಜೆ 2: ಶುಲ್ಕದ ಲೆಕ್ಕ ನೀವೇ ಹಾಕಿ

ಜಾಹೀರಾತಿನಲ್ಲಿ ‘ಚಿತ್ರದ ಬೆಲೆ ಇಷ್ಟು ಏರಿತು’ ಅಂತ ಇರುತ್ತದೆ. ನಿಮ್ಮ ಕೈಗೆ ಎಷ್ಟು ಬಂತು ಅನ್ನುವುದು ಬೇರೆ ಮಾತು. ಮಾಸ್ಟರ್‌ವರ್ಕ್ಸ್ ತರಹದವರ ಮಾಮೂಲಿ ಪದ್ಧತಿ ಹೀಗಿದೆ: ವರ್ಷಕ್ಕೆ ಶೇ 1.5 ನಿರ್ವಹಣೆ, ಅದನ್ನು ಷೇರಿನ ರೂಪದಲ್ಲೇ ತೆಗೆದುಕೊಳ್ಳುತ್ತಾರೆ, ಲಾಭ ಬಂದರೆ ಅದರಲ್ಲಿ ಶೇ 20, ಜೊತೆಗೆ ಚಿತ್ರವನ್ನು ತಾವು ಕೊಂಡ ಬೆಲೆಯ ಮೇಲೆ ಶೇ 10ರ ಆಸುಪಾಸು ಸೇರಿಸಿ ಷೇರು ಬಿಡುತ್ತಾರೆ.

ಈಗ ಲೆಕ್ಕ. ಚಿತ್ರವನ್ನು ಕಂಪನಿ 100 ರೂಪಾಯಿಗೆ ತಂದಿದೆ ಅಂದುಕೊಳ್ಳಿ. ನಿಮಗೆ 110ಕ್ಕೆ ಕೊಟ್ಟಿತು. ಆರು ವರ್ಷಕ್ಕೆ ಚಿತ್ರ 160ಕ್ಕೆ ಮಾರಾಟವಾಯಿತು. ವಾರೆವ್ಹಾ, ವರ್ಷಕ್ಕೆ ಶೇ 8 ಏರಿದೆ! ಆದರೆ ಆರು ವರ್ಷದ ಶೇ 1.5 ಕೂಡಿ ಶೇ 9 ಹೋಯಿತು, 160ರಲ್ಲಿ ಉಳಿದದ್ದು 145 ರೂಪಾಯಿ 60 ಪೈಸೆ. ನೀವು ಹಾಕಿದ್ದು 110, ಲಾಭ 35.60. ಅದರಲ್ಲಿ ಶೇ 20 ಅಂದರೆ ಸುಮಾರು 7 ರೂಪಾಯಿ ಅವರಿಗೆ. ನಿಮ್ಮ ಕೈಗೆ 138.50. ಅಂದರೆ ವರ್ಷಕ್ಕೆ ಶೇ 4 ಕೂಡ ಇಲ್ಲ. ಇದರ ಮೇಲೆ ತೆರಿಗೆ. ಎಫ್‌ಡಿ ಇಟ್ಟಿದ್ದರೆ ಇದಕ್ಕಿಂತ ಜಾಸ್ತಿ ಬರುತ್ತಿತ್ತು, ನಿದ್ದೆಯೂ ಬರುತ್ತಿತ್ತು.

ಎಲ್ಲ ಚಿತ್ರಕ್ಕೂ ಹೀಗೇ ಆಗುತ್ತದೆ ಅಂತಲ್ಲ. ಇದೇ ಕಂಪನಿ ಬ್ಯಾಂಕ್ಸಿಯ ಒಂದು ಮೋನಾಲಿಸಾ ಚಿತ್ರವನ್ನು 10 ಲಕ್ಷ ಡಾಲರ್ ಚಿಲ್ಲರೆಗೆ ಕೊಂಡು 15 ಲಕ್ಷಕ್ಕೆ ಬೇಗನೇ ಮಾರಿದ್ದೂ ಇದೆ. ಆದರೆ ಮಾರಾಟವಾದ, ಲಾಭ ಬಂದ ಚಿತ್ರಗಳ ಪಟ್ಟಿ ನೋಡಿ ಮನಸ್ಸು ಮಾಡಬೇಡಿ. ಇನ್ನೂ ಮಾರಾಟವಾಗದೆ ಕೂತಿರುವುದು ಎಷ್ಟು ಅಂತ ಕೇಳಿ. ಯಾವ ಕಂಪನಿಯ ಕಾಗದ ಸಿಕ್ಕರೂ ಮೇಲಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಒಮ್ಮೆ ಹಾಕಿ, ಏರಿಕೆಯ ಜಾಗದಲ್ಲಿ ಶೇ 8, ಶೇ 5, ಸೊನ್ನೆ, ಮೂರೂ ಇಟ್ಟು ನೋಡಿ.

ಹೆಜ್ಜೆ 3: ಹೊರಗೆ ಬರುವ ಬಾಗಿಲು ಎಲ್ಲಿದೆ?

ಷೇರನ್ನು ಬೆಳಿಗ್ಗೆ ಮಾರಿದರೆ ಮಾರನೆಯ ದಿನ ದುಡ್ಡು. ಚಿತ್ರದ ಪಾಲು ಹಾಗಲ್ಲ. ಮೂರರಿಂದ ಹತ್ತು ವರ್ಷ ಅಂತ ಅವರೇ ಹೇಳುತ್ತಾರೆ. ನಡುವೆ ಮಾರಿಕೊಳ್ಳುವುದಕ್ಕೆ ಅವರದೇ ಒಂದು ಒಳ ಮಾರುಕಟ್ಟೆ ಇರಬಹುದು, ಆದರೆ ಅಲ್ಲಿ ಕೊಳ್ಳುವವರು ಬೇಕಲ್ಲ.

ಪೂರ್ತಿ ಚಿತ್ರ ಮಾರುವಾಗಲೂ ಹರಾಜು ಮನೆಯ ಪಾಲು ಸಣ್ಣದಲ್ಲ. ಕೊಳ್ಳುವವರಿಂದ ಸುತ್ತಿಗೆ ಬೆಲೆಯ (ಹರಾಜಿನ ಕೂಗು ನಿಂತ ಬೆಲೆ) ಮೇಲೆ ಶೇ 20ರ ಆಚೀಚೆ ತೆಗೆದುಕೊಳ್ಳುತ್ತಾರೆ, ಮಾರುವವರಿಂದಲೂ ಕಮಿಷನ್ ಕೇಳುತ್ತಾರೆ. ಪೇಪರಿನಲ್ಲಿ ಬರುವ ದಾಖಲೆ ಬೆಲೆ ಸಾಮಾನ್ಯವಾಗಿ ಈ ಪ್ರೀಮಿಯಂ ಸೇರಿದ್ದು. ಮಾರಿದವರಿಗೆ ಅಷ್ಟು ಸಿಕ್ಕಿರುವುದಿಲ್ಲ.

ತಾಳ್ಮೆಯ ಉದಾಹರಣೆ ಬೇಕಿದ್ದರೆ ಬ್ರಿಟಿಷ್ ರೈಲಿನ ಪಿಂಚಣಿ ನಿಧಿಯದ್ದು ನೋಡಿ. 1974ರಿಂದ ಕೆಲವು ವರ್ಷ ಅವರು ಸುಮಾರು 4 ಕೋಟಿ ಪೌಂಡ್ ಹಾಕಿ 2,400ರಷ್ಟು ಕಲಾಕೃತಿ ಕೊಂಡರು. ಪಕ್ಕದಲ್ಲಿ ಸದಬೀಸ್‌ನ ತಜ್ಞರು. 1980ರ ದಶಕದ ಕೊನೆಯಲ್ಲಿ ಬೆಲೆ ಉಕ್ಕಿದಾಗ ಮಾರತೊಡಗಿದರು. ಇಷ್ಟೆಲ್ಲ ಆಗಿ ಹಣದುಬ್ಬರ ಕಳೆದ ಮೇಲೆ ಉಳಿದದ್ದು ವರ್ಷಕ್ಕೆ ಸುಮಾರು ಶೇ 4. ಕೆಟ್ಟದ್ದೇನಲ್ಲ, ಆದರೆ ಅವರಿಗಿದ್ದ ಹಣ, ತಜ್ಞರು, ಹದಿನೈದು ವರ್ಷದ ತಾಳ್ಮೆ ನಮಗೆ ಇಲ್ಲ. ಮಗಳ ಫೀಸಿನ ದುಡ್ಡು, ಮನೆಗಿಟ್ಟ ದುಡ್ಡು ಇದಕ್ಕೆ ಮುಟ್ಟಲೇಬೇಡಿ.

ಹೆಜ್ಜೆ 4: ನಮ್ಮಲ್ಲಿನ ಕಾನೂನು

ಭಾರತದಲ್ಲಿ ಇದು ಹೊಸ ಆಟವೇನಲ್ಲ. 2006ರಲ್ಲಿ ಮುಂಬೈಯ ಓಸಿಯನ್ಸ್ ಅನ್ನುವ ಹರಾಜು ಸಂಸ್ಥೆ ಒಂದು ಆರ್ಟ್ ಫಂಡ್ (ಜನರ ಹಣ ಸೇರಿಸಿ ಚಿತ್ರ ಕೊಳ್ಳುವ ನಿಧಿ) ತಂದು ನೂರು ಕೋಟಿಗೂ ಹೆಚ್ಚು ಸಂಗ್ರಹಿಸಿತು. ಮೂರು ವರ್ಷದ ಅವಧಿ. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂತು, ಚಿತ್ರಗಳ ಬೆಲೆ ಬಿತ್ತು, ಹಣ ವಾಪಸ್ ಬರುವುದು ಎಳೆಯಿತು. 2008ರಲ್ಲೇ ಷೇರುಪೇಟೆಯ ನಿಯಂತ್ರಕ ಸೆಬಿ ‘ಆರ್ಟ್ ಫಂಡ್ ಅಂದರೆ ಸಾಮೂಹಿಕ ಹೂಡಿಕೆ ಯೋಜನೆ, ನೋಂದಣಿ ಬೇಕು’ ಅಂತ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತ್ತು. 2013ರಲ್ಲಿ ಓಸಿಯನ್ಸ್‌ಗೆ ಹೂಡಿಕೆದಾರರ ಹಣ ಮರಳಿಸುವಂತೆ ಆದೇಶಿಸಿತು.

ಕಾನೂನಿನ ತಿರುಳು ಇಷ್ಟು. ಬೇರೆ ಬೇರೆಯವರ ಹಣ ಒಂದೆಡೆ ಸೇರುತ್ತದೆ, ಉದ್ದೇಶ ಲಾಭ, ಅದನ್ನು ಇನ್ನೊಬ್ಬರು ನಡೆಸುತ್ತಾರೆ, ಹಣ ಹಾಕಿದವರಿಗೆ ದಿನದಿನದ ಹಿಡಿತ ಇಲ್ಲ. ಈ ನಾಲ್ಕೂ ಇದ್ದರೆ ಅದು ಸಾಮೂಹಿಕ ಹೂಡಿಕೆ ಯೋಜನೆ. ಆದ್ದರಿಂದ ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ‘ಹತ್ತು ಸಾವಿರ ಹಾಕಿ, ನಾವು ನೋಡಿಕೊಳ್ಳುತ್ತೇವೆ’ ಅಂದರೆ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಹುಡುಕಿ. ಕಟ್ಟಡಗಳ ಪಾಲಿಗೆ 2024ರಲ್ಲಿ ಸಣ್ಣ ಆರ್‌ಇಐಟಿ (ಕಟ್ಟಡಗಳ ಹೂಡಿಕೆ ಟ್ರಸ್ಟ್) ಅಂತ ನಿಯಮ ಬಂತು, ಅದು ಚಿತ್ರಗಳಿಗೆ ಅನ್ವಯಿಸುವುದಿಲ್ಲ. ಎರಡನ್ನೂ ಕಲಸಿ ಹೇಳುವ ಏಜೆಂಟರಿದ್ದಾರೆ, ಹುಷಾರು.

ತೆರಿಗೆ ವಿಷಯ. ಮನೆಯ ಸೋಫಾ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ, ಚಿತ್ರ ಮಾರಿದರೆ ಇದೆ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ 12.5, ಅದಕ್ಕಿಂತ ಮುಂಚೆ ಮಾರಿದರೆ ನಿಮ್ಮ ಮಾಮೂಲಿ ದರ. ಟೋಕನ್, ಎನ್‌ಎಫ್‌ಟಿಗೆ 2022ರಿಂದ ಲಾಭದ ಮೇಲೆ ನೇರವಾಗಿ ಶೇ 30, ನಷ್ಟವನ್ನು ಬೇರೆ ಲಾಭಕ್ಕೆ ಹೊಂದಿಸಿಕೊಳ್ಳುವ ಹಾಗಿಲ್ಲ. ಆದರೆ ಎನ್‌ಎಫ್‌ಟಿ ಕೈಬದಲಾದರೆ ಹಿಂದಿನ ನಿಜವಾದ ವಸ್ತುವಿನ ಒಡೆತನವೂ ಕಾನೂನುಬದ್ಧವಾಗಿ ಕೈಬದಲಾಗುತ್ತದೆ ಅಂತಿದ್ದರೆ ಅದು ಈ ವರ್ಗಕ್ಕೆ ಬರುವುದಿಲ್ಲ. ಹಾಗಾಗಿ ಕಾಗದದಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ತೆರಿಗೆಯೇ ಬದಲಾಗುತ್ತದೆ. ಚಿತ್ರ ಕೊಳ್ಳುವಾಗಿನ ಜಿಎಸ್‌ಟಿ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ, ಅದೊಂದು ಸಮಾಧಾನ.

ಇಲ್ಲಿಂದ ವಿದೇಶಿ ಆ್ಯಪಿಗೆ ಹಣ ಕಳಿಸುವವರಿಗೆ ಆರ್‌ಬಿಐ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಹೂಡಿಕೆಗೆ ಬ್ಯಾಂಕು ಶೇ 20 ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಷೇರುಪೇಟೆಯಲ್ಲಿ ಪಟ್ಟಿಯಾಗದ ವಿದೇಶಿ ಕಂಪನಿಯ ಷೇರಿಗೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಬಿಗಿ ಇದೆ. ಸಿಎ ಅವರನ್ನು ಕೇಳದೆ ಕಳಿಸಬೇಡಿ, ಮತ್ತು ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ತುಂಬುವುದು ಮರೆಯಬೇಡಿ.

ಹೆಜ್ಜೆ 5: ಸ್ವಂತ ಕೂಟ ಕಟ್ಟಿ

ನನ್ನ ಪ್ರಕಾರ ಅಸಲಿ ಮಜಾ ಇಲ್ಲಿದೆ. ಊರಲ್ಲಿ ಚೀಟಿ ನಡೆಸುತ್ತಾರಲ್ಲ, ಹೆಚ್ಚು ಕಡಿಮೆ ಅದೇ ನಂಬಿಕೆಯ ಲೆಕ್ಕ, ಕೊನೆಯಲ್ಲಿ ಕೈಯಲ್ಲಿ ಒಂದು ಚಿತ್ರ ಉಳಿಯುತ್ತದೆ ಅಷ್ಟೆ.

ಐದರಿಂದ ಎಂಟು ಜನ ಸಾಕು. ಪರಿಚಯದವರೇ ಇರಲಿ, ಹೊರಗಿನವರನ್ನು ಕರೆಯಬೇಡಿ, ಜಾಹೀರಾತು ಹಾಕಬೇಡಿ. ಎಲ್ಲರೂ ಸೇರಿ ತೀರ್ಮಾನ ಮಾಡುವ ಗುಂಪು ಬೇರೆ, ಒಬ್ಬರು ಊರವರ ದುಡ್ಡು ನಡೆಸುವುದು ಬೇರೆ. ಎರಡನೆಯದಾದ ಕೂಡಲೇ ಮೇಲೆ ಹೇಳಿದ ಸೆಬಿ ನಿಯಮ ತಲೆಗೆ ಸುತ್ತಿಕೊಳ್ಳುತ್ತದೆ. ಒಬ್ಬೊಬ್ಬರು ತಿಂಗಳಿಗೆ ಎರಡು ಸಾವಿರ ಹಾಕಿದರೂ ಆರು ಜನಕ್ಕೆ ವರ್ಷಕ್ಕೆ 1.44 ಲಕ್ಷ ಆಗುತ್ತದೆ. ಈ ದುಡ್ಡಿಗೆ ಇವತ್ತು ಕೆಲಸ ಮಾಡುತ್ತಿರುವ ಯುವ ಕಲಾವಿದರ ಒಳ್ಳೆಯ ಕೃತಿಯೇ ಸಿಗುತ್ತದೆ.

ಹಣ ಒಂದು ಜಂಟಿ ಖಾತೆಯಲ್ಲಿರಲಿ, ಇಬ್ಬರ ಸಹಿ ಬೇಕು ಅನ್ನುವಂತೆ. ಆಮೇಲೆ ಒಪ್ಪಂದ. ‘ನಮ್ಮ ನಮ್ಮಲ್ಲಿ ಯಾಕೆ ಕಾಗದ’ ಅಂತ ಯಾರಾದರೂ ಅನ್ನುತ್ತಾರೆ. ಅವರಿಗೇ ಮೊದಲು ಸಹಿ ಮಾಡಿಸಿ. ವಕೀಲರ ಹತ್ತಿರ ಸ್ಟಾಂಪ್ ಪೇಪರಿನಲ್ಲಿ ಸಹ ಒಡೆತನದ ಒಪ್ಪಂದ ಮಾಡಿಸುವಾಗ ಇವಿಷ್ಟು ಇರಲೇಬೇಕು:

- ಯಾರದು ಎಷ್ಟು ಪಾಲು, ಕೊಳ್ಳುವಾಗ ಎಷ್ಟು ಜನ ಒಪ್ಪಬೇಕು. ಆರರಲ್ಲಿ ನಾಲ್ಕು ಅಂತ ಇಟ್ಟುಕೊಂಡರೆ ಕೆಲಸ ನಡೆಯುತ್ತದೆ, ಆರಕ್ಕೆ ಆರು ಅಂದರೆ ಒಂದು ಚಿತ್ರವೂ ಮನೆಗೆ ಬರುವುದಿಲ್ಲ.
- ಚಿತ್ರ ಯಾರ ಮನೆಯಲ್ಲಿ, ಎಷ್ಟು ತಿಂಗಳು. ಅಲ್ಲಿದ್ದಾಗ ಹಾಳಾದರೆ ಯಾರ ಜವಾಬ್ದಾರಿ.
- ಒಬ್ಬರು ಹೊರಗೆ ಹೋದರೆ ಅವರ ಪಾಲನ್ನು ಮೊದಲು ಉಳಿದವರಿಗೇ ಕೊಡಬೇಕು. ಬೆಲೆ ಹೇಗೆ ಕಟ್ಟುವುದು: ಇಬ್ಬರು ಗ್ಯಾಲರಿಯವರ ಅಂದಾಜಿನ ಸರಾಸರಿ ಅನ್ನಬಹುದು.
- ಒಬ್ಬರು ತೀರಿಕೊಂಡರೆ ವಾರಸುದಾರರಿಗೆ ಹಣವಾ, ಪಾಲಾ.
- ಮುಗಿಯುವ ತಾರೀಖು. ಪ್ಯಾರಿಸ್ಸಿನವರ ಜಾಣತನ ಇದರಲ್ಲೇ ಇತ್ತು. ಏಳು ವರ್ಷವೋ ಹತ್ತು ವರ್ಷವೋ, ಆ ದಿನ ಎಲ್ಲವನ್ನೂ ಮಾರುವುದು, ಅಥವಾ ಗುಂಪಿನ ಒಳಗೇ ಹರಾಜು ಹಾಕಿಕೊಳ್ಳುವುದು.

ಒಳಗಿನ ಹರಾಜು ಎಷ್ಟೋ ಸಲ ಹೊರಗಿನದಕ್ಕಿಂತ ಒಳ್ಳೆಯದು, ಕಮಿಷನ್ ಉಳಿಯುತ್ತದೆ, ಹತ್ತು ವರ್ಷ ಪ್ರೀತಿಸಿದ ಚಿತ್ರ ಪ್ರೀತಿಸಿದವರ ಮನೆಗೇ ಹೋಗುತ್ತದೆ. ಮಾರಿದಾಗ ಬಂದ ಲಾಭಕ್ಕೆ ಅವರವರ ಪಾಲಿನಷ್ಟು ಅವರವರು ತೆರಿಗೆ ಕಟ್ಟುವುದು. ಗುಂಪು ದೊಡ್ಡದಾದರೆ, ಚಿತ್ರಗಳು ಜಾಸ್ತಿಯಾದರೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿಕೊಳ್ಳಬಹುದು, ಆದರೆ ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸುವ ತಲೆನೋವು ಬರುತ್ತದೆ.

ಕಲಾವಿದರಿಗೂ ಒಂದು ಸಾಲು ಬರೆದಿಡಿ ಅಂತ ನನ್ನ ಆಸೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲೇ ಹತ್ತು ಸಾವಿರ ರೂಪಾಯಿ ಮೀರಿದ ಮರುಮಾರಾಟದಲ್ಲಿ ಕಲಾವಿದರಿಗೆ ಶೇ 10ರವರೆಗೆ ಪಾಲು ಅನ್ನುವ ಕಲಮು ಇದೆ. ಕಾಗದದ ಮೇಲೆ ಇದೆ, ಅಷ್ಟೆ. ನೀವಾಗಿ ಕೊಟ್ಟರೆ ಯಾರೂ ತಡೆಯುವುದಿಲ್ಲ.

ಹೆಜ್ಜೆ 6: ಕೊಳ್ಳುವ ಮೊದಲು ನೋಡಿ, ತಿರುಗಿ, ಮತ್ತೆ ನೋಡಿ

ಕಣ್ಣು ಪಳಗಬೇಕು, ಅದಕ್ಕೆ ಆ್ಯಪ್ ಇಲ್ಲ. ಬೆಂಗಳೂರಿನವರಿಗೆ ಪುಣ್ಯ ಇದೆ: ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ), ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಗ್ಯಾಲರಿ, ಅದೇ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಅನ್ನುವ ಕಲಾ ಮ್ಯೂಸಿಯಂ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು. ಜನವರಿಯಲ್ಲಿ ಚಿತ್ರಸಂತೆ. ಅಲ್ಲಿ ಕಲಾವಿದರು ಚಿತ್ರದ ಪಕ್ಕದಲ್ಲೇ ನಿಂತಿರುತ್ತಾರೆ, ಮಾತಾಡಿಸಿ, ಫೋನ್ ನಂಬರ್ ತೆಗೆದುಕೊಳ್ಳಿ, ಆಮೇಲೆ ಅವರ ಕೆಲಸದ ಜಾಗಕ್ಕೆ ಹೋಗಿ. ಸಂತೆಯ ಗದ್ದಲದಲ್ಲಿ ಕೊಂಡದ್ದಕ್ಕಿಂತ ಒಬ್ಬರ ಹತ್ತು ಹದಿನೈದು ಚಿತ್ರ ಒಟ್ಟಿಗೆ ನೋಡಿ ಆರಿಸಿದ್ದು ಒಳ್ಳೆಯದಿರುತ್ತದೆ. ಕಲಾ ಶಾಲೆಗಳ ಕೊನೆಯ ವರ್ಷದ ಪ್ರದರ್ಶನಗಳನ್ನೂ ಬಿಡಬೇಡಿ.

ಹೆಸರಾಂತ ಹಿರಿಯರ ಕೃತಿ ಬೇಕು ಅಂದರೆ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಸಣ್ಣ ರೇಖಾಚಿತ್ರ ಅಥವಾ ಹಿರಿಯ ಕಲಾವಿದರ ಸಹಿ ಇರುವ ಪ್ರಿಂಟ್ ಕಡೆಗೆ ನೋಡಬಹುದು. ಬೆಲೆಗೆ ಸ್ಯಾಫ್ರನ್‌ಆರ್ಟ್, ಆಸ್ತಾಗುರು ತಾಣಗಳಲ್ಲಿ ಹಿಂದಿನ ಹರಾಜುಗಳ ಫಲಿತಾಂಶ ಸಿಗುತ್ತದೆ. ಅದೇ ಕಲಾವಿದ, ಅದೇ ಮಾಧ್ಯಮ, ಹೆಚ್ಚು ಕಡಿಮೆ ಅದೇ ಅಳತೆ, ಈ ಮೂರೂ ಹೊಂದಿದ ಐದಾರು ಮಾರಾಟ ಬರೆದುಕೊಳ್ಳಿ. ಮಾರಾಟವಾಗದೆ ವಾಪಸ್ ಬಂದದ್ದನ್ನೂ ಬರೆದುಕೊಳ್ಳಿ, ಅದರಲ್ಲೇ ಜಾಸ್ತಿ ಪಾಠ ಇರುತ್ತದೆ.

ಈಗ ಕೈಗೆತ್ತಿಕೊಂಡು ನೋಡುವ ಕೆಲಸ. ಕ್ಯಾನ್ವಾಸನ್ನು ತಿರುಗಿಸಿ. ಮುಂದಿಗಿಂತ ಹಿಂದೆಯೇ ಕಥೆ ಜಾಸ್ತಿ. ಮರದ ಚೌಕಟ್ಟು ಎಷ್ಟು ಹಳೆಯದು, ಮೊಳೆ ತುಕ್ಕು ಹಿಡಿದಿದೆಯಾ ಅಥವಾ ಹೊಚ್ಚ ಹೊಸ ಸ್ಟೇಪಲ್ ಹೊಡೆದಿದ್ದಾರಾ, ಗ್ಯಾಲರಿಯ ಚೀಟಿ ಅಂಟಿಸಿದ್ದರೆ ಅದರ ವಿಳಾಸ, ಪಿನ್ ಕೋಡ್, ಫೋನ್ ನಂಬರಿನ ಅಂಕಿಗಳು ಆ ಕಾಲಕ್ಕೆ ಹೊಂದುತ್ತವೆಯಾ. 1962ರ ಚಿತ್ರ ಅಂತ ಹೇಳಿ ಹಿಂದಿನ ಚೀಟಿಯಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ನಗು ಬರಬೇಕು, ಯಾಕೆಂದರೆ ಪಿನ್ ಕೋಡ್ ಬಂದದ್ದೇ 1972ರಲ್ಲಿ. ಕಾಗದದ ಮೇಲಿನ ಚಿತ್ರವಾದರೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ, ಅಲೆಅಲೆಯಾದ ಉಬ್ಬು, ಕಂದು ಚುಕ್ಕೆ ಕಂಡರೆ ತೇವ ತಿಂದಿದೆ ಅಂತ ಅರ್ಥ. ಪ್ರಿಂಟ್ ಆದರೆ ಕೆಳಗೆ ಪೆನ್ಸಿಲ್ಲಿನಲ್ಲಿ 12/50 ಅಂತ ಸಂಖ್ಯೆ (ಐವತ್ತು ಪ್ರತಿಯಲ್ಲಿ ಹನ್ನೆರಡನೆಯದು), ಸಹಿ ಇರುತ್ತದೆ. ಫೋನಿನ ಮ್ಯಾಕ್ರೊ ಕ್ಯಾಮೆರಾ ಹತ್ತಿರ ಹಿಡಿದಾಗ ಬಣ್ಣದ ಜಾಗದಲ್ಲಿ ಪತ್ರಿಕೆಯಲ್ಲಿರುವಂಥ ಸಾಲುಸಾಲು ಚುಕ್ಕೆ ಕಂಡರೆ ಅದು ಯಂತ್ರದಲ್ಲಿ ಅಚ್ಚಾದ ಪೋಸ್ಟರ್, ಸಹಿಯೂ ಅಚ್ಚೇ ಇರಬಹುದು.

ನಕಲಿಯ ಬಗ್ಗೆ ಸಂಕೋಚ ಬೇಡ, ಬಾಯಿಬಿಟ್ಟು ಕೇಳಿ. 2009ರಲ್ಲಿ ಎಸ್.ಎಚ್. ರಜಾ ದೆಹಲಿಯ ಗ್ಯಾಲರಿಯೊಂದರಲ್ಲಿ ತಮ್ಮದೇ ಪ್ರದರ್ಶನ ನೋಡಲು ಹೋದಾಗ ಗೋಡೆಯ ಮೇಲಿದ್ದ ಬಹಳಷ್ಟು ಚಿತ್ರ ತಮ್ಮದಲ್ಲ ಅಂದರು. ಕಲಾವಿದರು ಬದುಕಿದ್ದಾಗಲೇ ಹೀಗೆ! ಬದುಕಿರುವವರಿಂದ ನೇರವಾಗಿ ಕೊಂಡರೆ ಈ ಕಾಟವೇ ಇಲ್ಲ: ಚಿತ್ರ ಹಿಡಿದು ನಿಂತ ಅವರ ಫೋಟೊ, ಸಹಿ ಮಾಡಿದ ಪತ್ರ, ಬಿಲ್ಲು, ಬ್ಯಾಂಕ್ ವರ್ಗಾವಣೆ, ಮುಗಿಯಿತು. ಹಳೆಯದನ್ನು ಕೊಳ್ಳುವುದಾದರೆ ಇಂಟರ್‌ಪೋಲ್‌ನ ಐಡಿ-ಆರ್ಟ್ ಅನ್ನುವ ಉಚಿತ ಆ್ಯಪಿನಲ್ಲಿ ಒಂದು ಫೋಟೊ ಹಾಕಿ, ಕದ್ದ ಮಾಲಿನ ಪಟ್ಟಿಯಲ್ಲಿ ಇದೆಯಾ ಅಂತ ನೋಡಬಹುದು. ಬ್ಲಾಕ್‌ಚೈನ್ ಪ್ರಮಾಣಪತ್ರ ತೋರಿಸಿದರೆ ಮರುಳಾಗಬೇಡಿ. ಮೊದಲ ದಿನ ಸುಳ್ಳು ಬರೆದಿದ್ದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಭದ್ರವಾಗಿ ಇಟ್ಟುಕೊಳ್ಳುತ್ತದೆ.

ಇನ್ನೊಂದು ಗೆರೆ ಗೊತ್ತಿರಲಿ. ನೂರು ವರ್ಷ ದಾಟಿದ ಚಿತ್ರ, ವಿಗ್ರಹ ಪ್ರಾಚ್ಯವಸ್ತು ಆಗುತ್ತದೆ. ಅಜ್ಜನ ಮನೆಯ ಹಳೆಯ ಮೈಸೂರು ಶೈಲಿಯ ಚಿತ್ರಕ್ಕೂ ಇದು ಅನ್ವಯ: ನೋಂದಣಿ ಮಾಡಿಸಬೇಕು, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ಮೂವರು ಟ್ಯಾಗೋರರು (ರವೀಂದ್ರನಾಥ, ಅವನೀಂದ್ರನಾಥ, ಗಗನೇಂದ್ರನಾಥ), ಶೈಲೋಜ್ ಮುಖರ್ಜಿ, ನಿಕೊಲಸ್ ರೋರಿಕ್ ಈ ಒಂಬತ್ತು ಜನರ ಕೃತಿಗೆ ವಯಸ್ಸು ಎಷ್ಟಿದ್ದರೂ ರಫ್ತು ಇಲ್ಲ. ರೋರಿಕ್ ಅಂದರೆ ನಮ್ಮ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿದ್ದ ಸ್ವೆತೊಸ್ಲಾವ್ ಅವರ ತಂದೆ. ದುಬೈ, ಡಲ್ಲಾಸಿನಲ್ಲಿರುವ ಸ್ನೇಹಿತರೂ ನಿಮ್ಮ ಕೂಟದಲ್ಲಿದ್ದರೆ ಇಂಥ ಚಿತ್ರ ಅವರ ಸರದಿಗೆ ಅಲ್ಲಿಗೆ ಹೋಗಲಾರದು.

ಹೆಜ್ಜೆ 7: ಮನೆಗೆ ತಂದ ಮೇಲೆ

ಅದೇ ದಿನ ಹಿಂದೆ ಮುಂದೆ, ನಾಲ್ಕು ಮೂಲೆ, ಸಹಿ ಎಲ್ಲದರ ಫೋಟೊ ತೆಗೆದು ಬಿಲ್ಲು, ಪತ್ರ, ಒಪ್ಪಂದದ ಸ್ಕ್ಯಾನ್ ಸಮೇತ ಎಲ್ಲರೂ ನೋಡಬಲ್ಲ ಡ್ರೈವ್‌ನಲ್ಲಿ ಹಾಕಿ. ಒಂದು ಶೀಟಿನಲ್ಲಿ ಯಾವ ತಾರೀಖಿಗೆ ಯಾರ ಮನೆಗೆ ಹೋಯಿತು, ಹೋಗುವಾಗ ಹೇಗಿತ್ತು ಅಂತ ಬರೆಯಿರಿ. ಪ್ರತಿ ಸಲ ಮನೆ ಬದಲಾದಾಗ ಹೊಸ ಫೋಟೊ. ಗೀರು ಯಾರ ಮನೆಯಲ್ಲಿ ಬಿತ್ತು ಅನ್ನುವ ಜಗಳ ಇದೊಂದರಿಂದ ತಪ್ಪುತ್ತದೆ.

ಬಿಸಿಲು ನೇರ ಬೀಳುವ ಗೋಡೆ, ಅಡುಗೆಮನೆ ಪಕ್ಕ, ದೇವರ ದೀಪದ ಹೊಗೆ ತಾಗುವ ಜಾಗ ಬೇಡ. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಹೊರಗೋಡೆಗೆ ಚಿತ್ರ ತೂಗುಹಾಕಲೇಬೇಡಿ, ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಆಡುವಂತೆ ಸಣ್ಣ ಕಾರ್ಕ್ ಚೂರು ಅಂಟಿಸಿ. ಕಾಗದದ ಚಿತ್ರಕ್ಕೆ ಆಮ್ಲರಹಿತ ಮೌಂಟ್ ಅಂತಲೇ ಕೇಳಿ, ಮಾಮೂಲಿ ರಟ್ಟು ಕೆಲವೇ ವರ್ಷದಲ್ಲಿ ಅಂಚನ್ನು ಹಳದಿ ಮಾಡುತ್ತದೆ. ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ಕೇಳಿ.

ವಿಮೆ ಮಾಡಿಸುವಾಗ ಗಮನಿಸಿ: ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಚಿತ್ರ, ಆಭರಣದಂಥ ಬೆಲೆಬಾಳುವ ವಸ್ತುಗಳು ತಾವಾಗಿಯೇ ಸೇರುವುದಿಲ್ಲ, ಬೇರೆ ರಕ್ಷಣೆ ಅಂತ ಕೇಳಿ ಸೇರಿಸಬೇಕು. ಪಾಲಿಸಿ ಒಬ್ಬರ ಹೆಸರಿನಲ್ಲಿ, ಒಂದು ವಿಳಾಸಕ್ಕೆ ಇರುತ್ತದೆ. ಚಿತ್ರ ಮಾತ್ರ ಮನೆಯಿಂದ ಮನೆಗೆ ಓಡಾಡುತ್ತದೆ. ಹಾಗಾಗಿ ಸರದಿ ಬದಲಾಗುವ ಮುಂಚೆ ಮುಂದಿನ ಮನೆಯ ಪಾಲಿಸಿಯಲ್ಲಿ ಬರೆಸಿ, ಆಮೇಲೆ ಚಿತ್ರ ಕೊಂಡೊಯ್ಯಿರಿ. ಸಾಗಿಸುವಾಗ ಬಬಲ್ ಶೀಟಿನ ಗುಳ್ಳೆ ಇರುವ ಬದಿ ಹೊರಗೆ ಇರಲಿ, ಒಳಗೆ ಗ್ಲಾಸಿನ್ ಅನ್ನುವ ನುಣುಪು ಕಾಗದ. ಗುಳ್ಳೆ ನೇರ ತಾಗಿದರೆ ಎಣ್ಣೆ ಬಣ್ಣದ ಮೇಲೆ ಬಿಸಿಗೆ ಅಚ್ಚು ಮೂಡುತ್ತದೆ.